ನಂಬಿಕೆಯ ನಾಲ್ಕು ಅಕ್ಷರ: ಸಿ, ಆರ್, ಇ, ಡಿ

ಕಾಮರ್ಸ್ ತೆಗೆದುಕೊಂಡ ಮೊದಲ ವಾರದಲ್ಲೇ ನಮ್ಮ ಕಿವಿಗೆ ಬೀಳುವ ಪದಗಳಲ್ಲಿ ‘ಕ್ರೆಡಿಟ್’ ಒಂದು. ಆಮೇಲೆ ಕ್ರೆಡಿಟರ್ ಬರುತ್ತದೆ. ಸ್ವಲ್ಪ ದಿನ ಕಳೆದರೆ ಕ್ರೆಡಿಟ್ ನೋಟ್, ಬಿಸಿನೆಸ್ ಸ್ಟಡೀಸ್‌ನಲ್ಲಿ ಟ್ರೇಡ್ ಕ್ರೆಡಿಟ್. ಇಂಗ್ಲಿಷ್ ಪೀರಿಯಡ್‌ನಲ್ಲಿ ಕ್ರೆಡಿಬಲ್, ಇನ್‌ಕ್ರೆಡಿಬಲ್. ನಾವು ಇವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲಿಗೆ ಬರೆದು, ಎದುರಿಗೆ ಅರ್ಥ ಬರೆದು, ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡುತ್ತೇವೆ. ಪರೀಕ್ಷೆ ಮುಗಿದ ಮೇಲೆ ಅರ್ಧ ಮರೆತುಹೋಗುತ್ತವೆ.

ನಮ್ಮ ಕಾಲೇಜಿನಲ್ಲಿ ಹತ್ತನೇ ತರಗತಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದವರು ಬಹಳ ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ‘ಅಕೌಂಟೆನ್ಸಿ ಕಷ್ಟ’ ಎಂದು ಹೇಳುವ ಎಷ್ಟೋ ಜನರಿಗೆ ಲೆಕ್ಕ ಕಷ್ಟವಾಗಿರುವುದಿಲ್ಲ, ಲೆಕ್ಕಕ್ಕೆ ಹಚ್ಚಿದ ಇಂಗ್ಲಿಷ್ ಪದ ಕಷ್ಟವಾಗಿರುತ್ತದೆ. ಕಳೆದ ವರ್ಷ ನಮ್ಮ ಸೆಕ್ಷನ್‌ನ ಇಬ್ಬರು ಮೂರೇ ತಿಂಗಳಲ್ಲಿ ಕಾಮರ್ಸ್ ಬಿಟ್ಟು ಆರ್ಟ್ಸ್‌ಗೆ ಹೋದರು. ಕೂಡಿಸಿ ಕಳೆಯುವ ಕೆಲಸ ಅವರಿಗೆ ನನಗಿಂತ ಬೇಗ ಬರುತ್ತಿತ್ತು. ಅವರನ್ನು ಓಡಿಸಿದ್ದು ಪದಗಳು.

ಅದಕ್ಕಾಗಿ ಈ ಲೇಖನದಲ್ಲಿ ಒಂದೇ ಒಂದು ಪದದ ಮನೆತನವನ್ನು ಪರಿಚಯಿಸುತ್ತೇನೆ. ಇಂಗ್ಲಿಷ್ ಡಿಕ್ಷನರಿಯಲ್ಲಿ ಸಿ, ಆರ್, ಇ, ಡಿ ಎಂಬ ನಾಲ್ಕು ಅಕ್ಷರಗಳಿಂದ ಶುರುವಾಗುವ ಪುಟವನ್ನು ತೆರೆಯಿರಿ. ಅಲ್ಲಿರುವ ಪದಗಳು ಬೇರೆ ಬೇರೆ ಅಲ್ಲ, ಒಂದೇ ತಾಯಿಯ ಮಕ್ಕಳು. ತಾಯಿಯ ಅರ್ಥ ಗೊತ್ತಾದರೆ ಮಕ್ಕಳನ್ನು ಗುರುತಿಸುವುದು ಸುಲಭ.

ಮೂಲ ಪದ

ಹಳೆಯ ರೋಮನ್ನರ ಭಾಷೆ ಲ್ಯಾಟಿನ್. ಅದರಲ್ಲಿ ‘ಕ್ರೆದೆರೆ’ ಎಂಬ ಕ್ರಿಯಾಪದವಿದೆ. ಅರ್ಥ: ನಂಬು, ನಂಬಿ ಒಪ್ಪಿಸು. ಇದರಿಂದಲೇ ‘ಕ್ರೆದಿತುಮ್’ ಎಂಬ ಪದ ಬಂತು. ಅಂದರೆ ನಂಬಿ ಕೊಟ್ಟದ್ದು, ಸಾಲ. ಇಟಲಿಯ ವ್ಯಾಪಾರಿಗಳ ಬಾಯಲ್ಲಿ ಅದು ‘ಕ್ರೆದಿತೋ’ ಆಯಿತು, ಫ್ರೆಂಚ್ ಭಾಷೆಯ ಮೂಲಕ 16ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ‘ಕ್ರೆಡಿಟ್’ ಆಗಿ ಬಂದು ಸೇರಿತು.

ಭಾಷಾ ವಿಜ್ಞಾನಿಗಳು ಇನ್ನೂ ಒಂದು ಸಂಗತಿ ಹೇಳುತ್ತಾರೆ. ಲ್ಯಾಟಿನ್‌ನ ಈ ಪದಕ್ಕೂ ಸಂಸ್ಕೃತದ ‘ಶ್ರದ್ಧಾ’ ಎಂಬ ಪದಕ್ಕೂ ಬಹಳ ಹಿಂದಿನ ಒಂದೇ ಮೂಲ. ನಾವು ಕನ್ನಡದಲ್ಲಿ ದಿನವೂ ಬಳಸುವ ‘ಶ್ರದ್ಧೆ’ ಅದೇ. ಅಂದರೆ ‘ಶ್ರದ್ಧೆಯಿಂದ ಓದಿ’ ಎಂದು ಪ್ರಿನ್ಸಿಪಾಲ್ ಸರ್ ಹೇಳುವ ಮಾತಿಗೂ ಅಕೌಂಟೆನ್ಸಿ ಪುಸ್ತಕದ ‘ಕ್ರೆಡಿಟ್’ಗೂ ದೂರದ ನೆಂಟಸ್ತಿಕೆ ಇದೆ.

ಈಗ ಮಕ್ಕಳನ್ನು ನೋಡೋಣ.

1. ಕ್ರೆಡಿಟ್: ಮೂಲ ಅರ್ಥ ನಂಬಿಕೆ. ಹಣವನ್ನು ಈಗ ಪಡೆಯದೆ, ಆಮೇಲೆ ಕೊಡುತ್ತಾರೆಂದು ನಂಬಿ ಮಾಲು ಕೊಡುವುದು ಕ್ರೆಡಿಟ್ ಸೇಲ್. ಒಂದು ಕೆಲಸದ ಹೆಸರು ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸುವುದೂ ಕ್ರೆಡಿಟ್ ಕೊಡುವುದೇ. ಸಿನಿಮಾದ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಗೂ ಅದೇ ಹೆಸರು.

2. ಕ್ರೆಡಿಟರ್: ನಂಬಿ ಕೊಟ್ಟವನು. ಇಲ್ಲಿ ಕನ್ನಡದಲ್ಲಿ ಒಂದು ತೊಡಕಿದೆ. ‘ಸಾಲಗಾರ’ ಎಂಬ ಪದವನ್ನು ನಾವು ಎರಡೂ ಕಡೆ ಬಳಸುತ್ತೇವೆ. ‘ಸಾಲಗಾರರ ಕಾಟ’ ಎಂದರೆ ಸಾಲ ಕೊಟ್ಟವರ ಕಾಟ, ‘ಬ್ಯಾಂಕಿನ ಸಾಲಗಾರರು’ ಎಂದರೆ ಸಾಲ ತೆಗೆದುಕೊಂಡವರು. ಆದ್ದರಿಂದ ಕ್ರೆಡಿಟರ್ ಪದದ ಎದುರಿಗೆ ಬರೀ ‘ಸಾಲಗಾರ’ ಎಂದು ಬರೆದುಕೊಳ್ಳಬೇಡಿ. ‘ನಮ್ಮನ್ನು ನಂಬಿ ಕೊಟ್ಟವನು’ ಎಂದು ಬರೆದುಕೊಳ್ಳಿ. ಬ್ಯಾಲೆನ್ಸ್ ಶೀಟ್‌ನಲ್ಲಿ ಕ್ರೆಡಿಟರ್ಸ್ ಏಕೆ ಹೊಣೆಗಾರಿಕೆಯ ಕಡೆ ಬರುತ್ತಾರೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಂಬಿ ಕೊಟ್ಟವರಿಗೆ ತಿರುಗಿ ಕೊಡಬೇಕು, ಅದಕ್ಕೇ ಅದು ಹೊಣೆ.

3. ಕ್ರೆಡಿಬಲ್: ನಂಬಬಹುದಾದ. ‘ಕ್ರೆಡಿಬಲ್ ವಿಟ್ನೆಸ್’ ಎಂದರೆ ನಂಬಲು ಯೋಗ್ಯವಾದ ಸಾಕ್ಷಿ. ಇದರಿಂದ ಕ್ರೆಡಿಬಿಲಿಟಿ, ಅಂದರೆ ವಿಶ್ವಾಸಾರ್ಹತೆ.

4. ಕ್ರೆಡ್ಯುಲಸ್: ಏನು ಹೇಳಿದರೂ ನಂಬಿಬಿಡುವ. ಲಾಟರಿ ಬಂದಿದೆ, ಓಟಿಪಿ ಹೇಳಿ ಎಂದು ಫೋನ್ ಬಂದರೆ ಹೇಳಿಬಿಡುವವರು ಕ್ರೆಡ್ಯುಲಸ್. ಕ್ರೆಡಿಬಲ್ ಮತ್ತು ಕ್ರೆಡ್ಯುಲಸ್ ಎರಡನ್ನೂ ಪರೀಕ್ಷೆಯಲ್ಲಿ ಅದಲು ಬದಲು ಮಾಡುವವರು ಹೆಚ್ಚು. ಮೊದಲನೆಯದು ಹೇಳುವವನಿಗೆ, ಎರಡನೆಯದು ಕೇಳುವವನಿಗೆ ಸೇರಿದ್ದು ಎಂದು ನೆನಪಿಡಿ.

5. ಕ್ರೆಡಿಟಬಲ್: ಮೆಚ್ಚುಗೆಗೆ ಯೋಗ್ಯವಾದ. ಇದು ಕ್ರೆಡಿಬಲ್‌ನಂತೆ ಕೇಳಿಸುತ್ತದೆ, ಆದರೆ ಅರ್ಥ ಬೇರೆ. ಕ್ರೆಡಿಬಲ್ ಮಾತನ್ನು ನಂಬುತ್ತೇವೆ, ಕ್ರೆಡಿಟಬಲ್ ಕೆಲಸವನ್ನು ಹೊಗಳುತ್ತೇವೆ.

6. ಕ್ರೆಡೆನ್ಸ್: ಒಂದು ಮಾತಿಗೆ ಕೊಡುವ ನಂಬಿಕೆ. ಗಾಳಿಸುದ್ದಿಗೆ ಕ್ರೆಡೆನ್ಸ್ ಕೊಡಬಾರದು.

7. ಕ್ರೆಡೆನ್ಶಿಯಲ್ಸ್: ನಮ್ಮನ್ನು ನಂಬಿ ಎಂದು ತೋರಿಸುವ ದಾಖಲೆ. ಮಾರ್ಕ್ಸ್ ಕಾರ್ಡ್, ಐಡಿ ಕಾರ್ಡ್ ಎಲ್ಲ ಇದರಲ್ಲಿ ಬರುತ್ತವೆ. ಬೇರೆ ದೇಶದ ರಾಯಭಾರಿ ದೆಹಲಿಗೆ ಬಂದಾಗ ರಾಷ್ಟ್ರಪತಿಗಳಿಗೆ ಒಪ್ಪಿಸುವ ಪತ್ರಕ್ಕೂ ಇದೇ ಹೆಸರು. ಈಗ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್‌ಗೂ ಲಾಗಿನ್ ಕ್ರೆಡೆನ್ಶಿಯಲ್ಸ್ ಎನ್ನುತ್ತಾರೆ, ಏಕೆಂದರೆ ಕಂಪ್ಯೂಟರ್ ನಮ್ಮನ್ನು ನಂಬುವುದು ಅದನ್ನು ನೋಡಿ.

8. ಕ್ರೆಡೋ ಮತ್ತು ಕ್ರೀಡ್: ಲ್ಯಾಟಿನ್‌ನಲ್ಲಿ ಕ್ರೆಡೋ ಎಂದರೆ ‘ನಾನು ನಂಬುತ್ತೇನೆ’. ಕ್ರೈಸ್ತರ ವಿಶ್ವಾಸ ಘೋಷಣೆ ಈ ಪದದಿಂದ ಶುರುವಾಗುತ್ತದೆ. ಅದರಿಂದ ಇಂಗ್ಲಿಷ್‌ನಲ್ಲಿ ಕ್ರೀಡ್ ಎಂದರೆ ಮತವಿಶ್ವಾಸ. ‘ಜಾತಿ, ಮತ ಭೇದವಿಲ್ಲದೆ’ ಎಂದು ಇಂಗ್ಲಿಷ್‌ನಲ್ಲಿ ಹೇಳುವಾಗ ಕಾಸ್ಟ್ ಜೊತೆಗೆ ಬರುವ ಕ್ರೀಡ್ ಇದೇ.

9. ಕ್ರೆಡೆನ್ಜಾ: ಇದು ನಮ್ಮ ಸಿಲಬಸ್‌ನಲ್ಲಿಲ್ಲ, ಆದರೆ ಕಥೆ ಚೆನ್ನಾಗಿದೆ. ಆಫೀಸುಗಳಲ್ಲಿ ಗೋಡೆಗೆ ತಾಗಿಸಿ ಇಡುವ ಉದ್ದನೆಯ ಕಪಾಟಿಗೆ ಈ ಹೆಸರು. ಹಿಂದೆ ಇಟಲಿಯ ಶ್ರೀಮಂತರ ಮನೆಗಳಲ್ಲಿ ವಿಷ ಹಾಕಿರುವರೆಂಬ ಭಯದಿಂದ ಯಜಮಾನನಿಗಿಂತ ಮೊದಲು ಸೇವಕನೊಬ್ಬ ಊಟದ ರುಚಿ ನೋಡುತ್ತಿದ್ದ. ಆ ಪರೀಕ್ಷೆಗೆ ಕ್ರೆಡೆನ್ಜಾ, ಅಂದರೆ ‘ನಂಬಿಕೆ’ ಎಂದು ಹೆಸರು. ಊಟವನ್ನು ಇಡುತ್ತಿದ್ದ ಆ ಮೇಜಿಗೂ ಅದೇ ಹೆಸರು ಅಂಟಿಕೊಂಡಿತು.

ಮುಂದೆ ಬಾಲ, ಹಿಂದೆ ಮುಖ

ಕೆಲವು ಪದಗಳಲ್ಲಿ ‘ಕ್ರೆಡ್’ ಮೊದಲಿಗೆ ಇರುವುದಿಲ್ಲ, ಅದರ ಮುಂದೆ ಇನ್ನೊಂದು ತುಂಡು ಸೇರಿರುತ್ತದೆ. ‘ಇನ್’ ಸೇರಿದರೆ ಇನ್‌ಕ್ರೆಡಿಬಲ್, ನಂಬಲಾಗದ. ‘ಡಿಸ್’ ಸೇರಿದರೆ ಡಿಸ್‌ಕ್ರೆಡಿಟ್, ಇದ್ದ ನಂಬಿಕೆಯನ್ನು ಕೆಡಿಸುವುದು. ‘ಅಕ್ರೆಡಿಟ್’ ಎಂದರೆ ಇದನ್ನು ನಂಬಬಹುದು ಎಂದು ಅಧಿಕೃತವಾಗಿ ಮುದ್ರೆ ಒತ್ತುವುದು. ಡಿಗ್ರಿ ಕಾಲೇಜುಗಳ ಬೋರ್ಡ್‌ನಲ್ಲಿ ‘ನ್ಯಾಕ್ ಮಾನ್ಯತೆ’ ಎಂದು ನೋಡಿರುತ್ತೀರಿ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಆ ಸಂಸ್ಥೆಯ ಹೆಸರಿನ ಎರಡನೇ ‘ಎ’ ಅಕ್ಷರ ಅಕ್ರೆಡಿಟೇಶನ್.

ಇನ್ನೆರಡು ಪದಗಳು ವೇಷ ಮರೆಸಿಕೊಂಡಿವೆ. ಒಂದು ‘ಗ್ರಾಂಟ್’. ಸರ್ಕಾರದ ಗ್ರಾಂಟ್, ಸ್ಕಾಲರ್‌ಶಿಪ್ ಗ್ರಾಂಟ್ ಎನ್ನುತ್ತೇವಲ್ಲ, ಅದೂ ಹಳೆಯ ಫ್ರೆಂಚ್ ಮೂಲಕ ಇದೇ ಕ್ರೆದೆರೆಯಿಂದ ಬಂದದ್ದು. ಬರುವ ದಾರಿಯಲ್ಲಿ ‘ಕ’ ಹೋಗಿ ‘ಗ’ ಆಯಿತು.

ಇನ್ನೊಂದು ‘ಮಿಸ್‌ಕ್ರಿಯಂಟ್’. ಕನ್ನಡ ಪತ್ರಿಕೆಗಳು ‘ದುಷ್ಕರ್ಮಿಗಳು’ ಎಂದು ಬರೆಯುವ ಕಡೆ ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳು ಮಿಸ್‌ಕ್ರಿಯಂಟ್ಸ್ ಎಂದು ಬರೆಯುತ್ತವೆ. ಈ ಪದದ ಮೊದಲ ಅರ್ಥ ಕಲ್ಲೆಸೆದವನು ಎಂದಲ್ಲ, ‘ತಪ್ಪು ನಂಬಿಕೆಯವನು’ ಎಂದು. ಮಧ್ಯಯುಗದ ಯುರೋಪಿನಲ್ಲಿ ತಮ್ಮ ಮತ ನಂಬದವರನ್ನು, ಮುಸ್ಲಿಮರನ್ನೂ ಸೇರಿಸಿ, ಹೀಗೆ ಕರೆಯುತ್ತಿದ್ದರು. ಬೇರೆ ನಂಬಿಕೆಯವನು ಎಂದರೆ ಕೆಟ್ಟವನು ಎಂದು ಜನ ಎಣಿಸುತ್ತಾ ಹೋದರು. ಕೊನೆಗೆ ನಂಬಿಕೆಯ ಮಾತು ಬಿದ್ದುಹೋಗಿ ಕೆಟ್ಟವನು ಎಂಬ ಅರ್ಥ ಮಾತ್ರ ಉಳಿಯಿತು. ಡಿಕ್ಷನರಿಯಲ್ಲಿ ಈ ಪದದ ಹಳೆಯ ಅರ್ಥ ಓದಿದಾಗ ನನಗೆ ಸ್ವಲ್ಪ ಹೊತ್ತು ಮುಂದಕ್ಕೆ ಓದಲಾಗಲಿಲ್ಲ. ಬೇರೆ ನಂಬಿಕೆಯವರ ಬಗ್ಗೆ ನಾವು ದಿನವೂ ಹೇಗೆ ಮಾತನಾಡುತ್ತೇವೆ ಎಂಬುದು ನಿಧಾನವಾಗಿ ಪದದ ಅರ್ಥವೇ ಆಗಿಬಿಡಬಹುದು. ಇದು ಎಲ್ಲ ಸಮುದಾಯದವರಿಗೂ ಅನ್ವಯಿಸುತ್ತದೆ, ನಮಗೂ.

ಅಕ್ಷರ ಒಂದೇ, ಮನೆ ಬೇರೆ

ಮೊದಲ ಮೂರು ಅಕ್ಷರ ಮಾತ್ರ ಕೂಡಿದ ಕೂಡಲೇ ನೆಂಟರು ಎಂದು ತೀರ್ಮಾನಿಸಬಾರದು. ಸಿ, ಆರ್, ಇ ಎಂದು ಶುರುವಾಗುವ ಇನ್ನೊಂದು ಮನೆತನವಿದೆ. ಅದರ ಮೂಲ ಲ್ಯಾಟಿನ್‌ನ ‘ಕ್ರೆಸ್ಕೆರೆ’, ಅಂದರೆ ಬೆಳೆ, ಹೆಚ್ಚಾಗು. ಇದರ ಮಕ್ಕಳಲ್ಲಿ ನಮಗೆ ಚೆನ್ನಾಗಿ ಪರಿಚಯವಿರುವುದು ‘ಕ್ರೆಸೆಂಟ್’. ನಾವು ಹಿಲಾಲ್ ಎನ್ನುವ ಬಾಲಚಂದ್ರನಿಗೆ ಇಂಗ್ಲಿಷ್‌ನಲ್ಲಿ ಆ ಹೆಸರು ಬಂದದ್ದು ‘ಬೆಳೆಯುತ್ತಿರುವ’ ಚಂದ್ರ ಎಂಬ ಅರ್ಥದಿಂದ. ‘ಕ್ರೂ’ ಎಂದರೆ ಮೊದಲು ಸೈನ್ಯಕ್ಕೆ ಹೆಚ್ಚುವರಿಯಾಗಿ ಸೇರಿಸಿದ ಜನ, ಈಗ ಹಡಗಿನ ಅಥವಾ ವಿಮಾನದ ಸಿಬ್ಬಂದಿ. ‘ಇನ್‌ಕ್ರೀಸ್’ ಎಂದರೆ ಹೆಚ್ಚಳ.

ಕಾಮರ್ಸ್‌ನವರಿಗೆ ಬೇಕಾದದ್ದು ‘ಅಕ್ರೂ’. ಫೈನಲ್ ಅಕೌಂಟ್ಸ್‌ನಲ್ಲಿ ಹೊಂದಾಣಿಕೆ ಮಾಡುವಾಗ ಅಕ್ರೂಡ್ ಇಂಟರೆಸ್ಟ್ ಎಂದು ಬರುತ್ತದೆ. ಬಡ್ಡಿ ಕೈಗೆ ಬಂದಿಲ್ಲ, ಆದರೆ ದಿನ ದಿನಕ್ಕೆ ಬೆಳೆದು ನಿಂತಿದೆ ಎಂದು ಅರ್ಥ. ಹಿಲಾಲ್ ಬೆಳೆದಂತೆ ಬಡ್ಡಿ ಬೆಳೆಯುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು, ಈ ಪದ ಮತ್ತೆ ಮರೆಯುವುದಿಲ್ಲ.

‘ಕ್ರಿಮೇಟ್’, ಅಂದರೆ ಶವ ಸುಡುವುದು, ಮೂರನೇ ಮನೆಯದು. ಅದರ ಲ್ಯಾಟಿನ್ ಮೂಲಕ್ಕೆ ಸುಡು ಎಂದೇ ಅರ್ಥ. ಹೀಗೆ ಒಂದೇ ಓಣಿಯಲ್ಲಿ ಮೂರು ಮನೆಗಳಿವೆ. ನಾಲ್ಕನೇ ಅಕ್ಷರವಾಗಿ ‘ಡಿ’ ಬಂದರೆ ನಂಬಿಕೆಯ ಮನೆ ಎಂದು ಊಹಿಸಿ, ಆಮೇಲೆ ಡಿಕ್ಷನರಿ ನೋಡಿ ಖಚಿತ ಮಾಡಿಕೊಳ್ಳಿ.

ಜೊತೆಗಾರ ಡೆಬಿಟ್

ಕ್ರೆಡಿಟ್ ಬಂದ ಮೇಲೆ ಡೆಬಿಟ್ ಬಿಡುವಂತಿಲ್ಲ. ಅದರ ಮೂಲ ಲ್ಯಾಟಿನ್‌ನ ‘ದೆಬೆರೆ’, ಅಂದರೆ ಕೊಡಬೇಕಾಗಿರು, ಋಣದಲ್ಲಿರು. ಸಾಲಕ್ಕೆ ಇಂಗ್ಲಿಷ್‌ನಲ್ಲಿ ‘ಡೆಟ್’ ಎನ್ನುತ್ತಾರೆ. ಬರೆಯುವಾಗ ನಡುವೆ ‘ಬಿ’ ಇದೆ, ಓದುವಾಗ ಇಲ್ಲ. ಹಿಂದೆ ಇಂಗ್ಲಿಷರು ಆ ‘ಬಿ’ ಬರೆಯುತ್ತಲೇ ಇರಲಿಲ್ಲ. ಇದು ಲ್ಯಾಟಿನ್‌ನ ‘ದೆಬಿತುಮ್’ನಿಂದ ಬಂದದ್ದು ಎಂದು ತೋರಿಸಲು ಪಂಡಿತರು ಆಮೇಲೆ ಅದನ್ನು ಸೇರಿಸಿದರು. ನಮ್ಮಂತಹ ವಿದ್ಯಾರ್ಥಿಗಳು ಇಂದಿಗೂ ಅವರಿಂದ ಸ್ಪೆಲ್ಲಿಂಗ್‌ನಲ್ಲಿ ಮಾರ್ಕ್ಸ್ ಕಳೆದುಕೊಳ್ಳುತ್ತಿದ್ದೇವೆ.

ಇನ್ನೊಂದು ಸಂದೇಹ. ಡೆಬಿಟ್ ಪದದಲ್ಲಿ ‘ಆರ್’ ಅಕ್ಷರವೇ ಇಲ್ಲ, ಆದರೂ ಜರ್ನಲ್‌ನಲ್ಲಿ ನಾವು ‘ಡಿಆರ್’ ಎಂದು ಏಕೆ ಬರೆಯುತ್ತೇವೆ? ಹಿಂದೆ ಇಂಗ್ಲಿಷ್ ಲೆಕ್ಕದ ಪುಸ್ತಕಗಳಲ್ಲಿ ಎಡಗಡೆ ತಲೆಬರಹ ‘ಡೆಟರ್’ ಎಂದೂ ಬಲಗಡೆ ‘ಕ್ರೆಡಿಟರ್’ ಎಂದೂ ಬರೆಯುತ್ತಿದ್ದರು. ಆ ಎರಡು ಪದಗಳ ಮೊದಲ ಮತ್ತು ಕೊನೆಯ ಅಕ್ಷರ ಸೇರಿ ಡಿಆರ್, ಸಿಆರ್ ಆದವು. ಅಂದರೆ ಅವು ಮೊದಲು ಕೂಡು, ಕಳೆ ಎಂಬಂತಹ ಚಿಹ್ನೆಗಳಾಗಿರಲಿಲ್ಲ, ಇಬ್ಬರು ಮನುಷ್ಯರಾಗಿದ್ದವು: ಕೊಡಬೇಕಾದವನು ಮತ್ತು ನಂಬಿ ಕೊಟ್ಟವನು.

ಈ ಎರಡು ಕಡೆಯ ಲೆಕ್ಕವನ್ನು ಮೊದಲು ಅಚ್ಚಿನಲ್ಲಿ ವಿವರಿಸಿದವರು ಇಟಲಿಯ ಗಣಿತಜ್ಞ ಲೂಕಾ ಪಾಚಿಯೋಲಿ. ಅವರ ಪುಸ್ತಕ ವೆನಿಸ್‌ನಲ್ಲಿ ಪ್ರಕಟವಾದದ್ದು 1494ರಲ್ಲಿ. ಪದ್ಧತಿ ಅವರ ಸ್ವಂತದ್ದಲ್ಲ, ಅಲ್ಲಿನ ವ್ಯಾಪಾರಿಗಳು ಆಗಲೇ ಬಳಸುತ್ತಿದ್ದುದನ್ನು ಅವರು ಬರೆದಿಟ್ಟರು. ಇಟಲಿಯವರು ತಮ್ಮ ಭಾಷೆಯಲ್ಲಿ ಒಂದು ಕಡೆ ‘ಕೊಡಬೇಕು’ ಎಂದೂ ಇನ್ನೊಂದು ಕಡೆ ‘ಪಡೆಯಬೇಕು’ ಎಂದೂ ಬರೆಯುತ್ತಿದ್ದರು.

ಬ್ಯಾಂಕಿನ ಮೆಸೇಜ್ ಏಕೆ ಉಲ್ಟಾ?

ಇದು ಪ್ರತಿ ವರ್ಷ ಪ್ರತಿ ಕ್ಲಾಸಿನಲ್ಲಿ ಯಾರಾದರೂ ಕೇಳುವ ಪ್ರಶ್ನೆ. ಹಣ ಬಂದರೆ ಡೆಬಿಟ್ ಮಾಡಬೇಕು ಎಂದು ಸರ್ ಹೇಳುತ್ತಾರೆ. ಆದರೆ ಸ್ಕಾಲರ್‌ಶಿಪ್ ಬಂದಾಗ ಮೊಬೈಲಿಗೆ ಬರುವ ಮೆಸೇಜ್‌ನಲ್ಲಿ ‘ನಿಮ್ಮ ಖಾತೆಗೆ ಕ್ರೆಡಿಟ್ ಆಗಿದೆ’ ಎಂದಿರುತ್ತದೆ. ಯಾರು ಸರಿ?

ಇಬ್ಬರೂ ಸರಿ. ಪುಸ್ತಕ ಯಾರದು ಎಂದು ನೋಡಬೇಕು, ಅಷ್ಟೇ.

ಒಂದು ಉದಾಹರಣೆ. ನೀವು 5,000 ರೂ. ನಗದನ್ನು ಬ್ಯಾಂಕಿಗೆ ಕಟ್ಟುತ್ತೀರಿ. ನಿಮ್ಮ ಪುಸ್ತಕದಲ್ಲಿ ಹಣ ಪಡೆದದ್ದು ಬ್ಯಾಂಕ್, ಇನ್ನು ಮುಂದೆ ಅದು ನಿಮಗೆ ಕೊಡಬೇಕು. ಆದ್ದರಿಂದ ಬ್ಯಾಂಕ್ ಖಾತೆಗೆ 5,000 ಡೆಬಿಟ್, ನಗದು ಖಾತೆಗೆ 5,000 ಕ್ರೆಡಿಟ್. ಈಗ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತು ನೋಡಿ. ಬ್ಯಾಂಕಿಗೆ ನಗದು ಬಂತು, ಅದು ಡೆಬಿಟ್. ಕೊಟ್ಟದ್ದು ಯಾರು? ನೀವು. ಬ್ಯಾಂಕನ್ನು ನಂಬಿ ಕೊಟ್ಟಿದ್ದೀರಿ. ಆದ್ದರಿಂದ ಬ್ಯಾಂಕಿನ ಪುಸ್ತಕದಲ್ಲಿ ನೀವು ಕ್ರೆಡಿಟರ್, ನಿಮ್ಮ ಖಾತೆಗೆ 5,000 ಕ್ರೆಡಿಟ್. ಮೊಬೈಲಿಗೆ ಬರುವ ಮೆಸೇಜ್ ಬ್ಯಾಂಕಿನ ಪುಸ್ತಕದ ಒಂದು ಸಾಲು.

ಪಾಸ್‌ಬುಕ್ಕಿನ ಕ್ರೆಡಿಟ್ ಬ್ಯಾಲೆನ್ಸ್ ನಮ್ಮ ಕ್ಯಾಶ್ ಬುಕ್ಕಿನ ಡೆಬಿಟ್ ಬ್ಯಾಲೆನ್ಸ್‌ಗೆ ಸಮ ಎಂಬ ನಿಯಮ ಇಲ್ಲಿಂದಲೇ ಬರುತ್ತದೆ. ಓವರ್‌ಡ್ರಾಫ್ಟ್ ಆದರೆ ಎರಡೂ ತಿರುಗುತ್ತವೆ, ಏಕೆಂದರೆ ಆಗ ನಂಬಿ ಕೊಟ್ಟದ್ದು ಬ್ಯಾಂಕ್. ಬ್ಯಾಂಕ್ ರೀಕನ್ಸಿಲಿಯೇಶನ್ ಲೆಕ್ಕ ಮಾಡುವ ಮೊದಲು ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಕೂಡಬೇಕೋ ಕಳೆಯಬೇಕೋ ಎಂಬ ಗೊಂದಲ ಬಹಳ ಕಡಿಮೆಯಾಗುತ್ತದೆ.

ಕಾರ್ಡುಗಳ ಹೆಸರೂ ಹೀಗೆಯೇ. ಡೆಬಿಟ್ ಕಾರ್ಡ್ ಉಜ್ಜಿದಾಗ ನಮ್ಮದೇ ಹಣ ಹೋಗುತ್ತದೆ, ಬ್ಯಾಂಕ್ ನಮ್ಮ ಖಾತೆಯನ್ನು ಡೆಬಿಟ್ ಮಾಡುತ್ತದೆ. ಕ್ರೆಡಿಟ್ ಕಾರ್ಡ್ ಉಜ್ಜಿದಾಗ ಬ್ಯಾಂಕ್ ನಮ್ಮನ್ನು ನಂಬಿ ಅಂಗಡಿಗೆ ಹಣ ಕೊಡುತ್ತದೆ, ನಾವು ಅದರ ಸಾಲದಲ್ಲಿ ಬೀಳುತ್ತೇವೆ. ಕ್ರೆಡಿಟ್ ನೋಟ್ ಎಂದರೆ, ಗಿರಾಕಿ ಮಾಲು ವಾಪಸ್ ಕಳಿಸಿದಾಗ ‘ನಿಮ್ಮ ಖಾತೆಗೆ ಇಷ್ಟು ಜಮಾ ಮಾಡಿದ್ದೇವೆ, ಅಷ್ಟು ಕಡಿಮೆ ಕೊಟ್ಟರೆ ಸಾಕು’ ಎಂದು ಮಾರಿದವರು ಕಳಿಸುವ ಚೀಟಿ.

ನಮ್ಮ ಭಾಷೆಗಳಲ್ಲಿ ಇದೇ ಮನೆತನ

ಇಂಗ್ಲಿಷ್ ಪದಗಳ ಮೊದಲ ಅಕ್ಷರ ಹಿಡಿದು ಮನೆತನ ಹುಡುಕುವುದು ಹೊಸ ವಿದ್ಯೆ ಅನ್ನಿಸಬಹುದು. ಆದರೆ ಕನ್ನಡದಲ್ಲಿ ನಂಬು, ನಂಬಿಕೆ, ನಂಬುಗೆ, ನಂಬಿಗಸ್ಥ ಎನ್ನುವಾಗ ನಾವು ಅದನ್ನೇ ಮಾಡುತ್ತೇವೆ. ಅರಬಿಯಲ್ಲಿ ಮೂರು ಮೂಲ ಅಕ್ಷರಗಳನ್ನು ಹಿಡಿದು ಹುಡುಕುತ್ತಾರೆ. ಕಾಫ್, ತಾ, ಬಾ ಸೇರಿದರೆ ಬರೆಯುವುದಕ್ಕೆ ಸಂಬಂಧಿಸಿದ ಪದ: ಕಿತಾಬ್, ಕಾತಿಬ್, ಮಕ್ತಬ್. ಮಕ್ತಬ್‌ಗೆ ಹೋದ ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಇದು ಗೊತ್ತು.

ಈಗ ಅಲಿಫ್, ಮೀಮ್, ನೂನ್ ತೆಗೆದುಕೊಳ್ಳಿ. ಈಮಾನ್ ಎಂದರೆ ವಿಶ್ವಾಸ. ಅಮೀನ್ ಎಂದರೆ ನಂಬಿಗಸ್ಥ. ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಲ್ಯಾಟಿನ್‌ನಲ್ಲಿ ಕ್ರೀಡ್ ಮತ್ತು ಕ್ರೆಡಿಟ್ ಒಂದೇ ಮನೆಯವು. ಅರಬಿಯಲ್ಲಿ ಈಮಾನ್ ಮತ್ತು ಅಮಾನತ್ ಒಂದೇ ಮನೆಯವು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ವಿಶ್ವಾಸವನ್ನೂ ಒಪ್ಪಿಸಿದ ಹಣವನ್ನೂ ಒಂದೇ ಬೇರಿಗೆ ಕಟ್ಟಿವೆ.

ಈ ಪದಗಳು ಕನ್ನಡಕ್ಕೂ ಬಂದಿವೆ, ಸ್ವಲ್ಪ ಬಣ್ಣ ಬದಲಿಸಿಕೊಂಡು. ಕೋರ್ಟಿನ ನೋಟಿಸ್ ಹಿಡಿದು ಬರುವ ಅಮೀನರ ಹೆಸರು ಅದೇ. ಆದರೆ ಪತ್ರಿಕೆಯಲ್ಲಿ ‘ಅಧಿಕಾರಿ ಅಮಾನತು’ ಎಂದು ಓದಿದರೆ ಅವರನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಟ್ಟಿದ್ದಾರೆ ಎಂದು ಅರ್ಥ. ನಮ್ಮ ಮನೆಯಲ್ಲಿ ಅಮ್ಮಿ ಒಂದು ಡಬ್ಬಿ ತೋರಿಸಿ ‘ಅಮಾನತ್ ಹೈ’ ಎಂದರೆ ಅದು ಬೇರೆಯವರದು, ಮುಟ್ಟಬೇಡ ಎಂದು ಅರ್ಥ.

ಅಂಗಡಿ ಲೆಕ್ಕದ ಕನ್ನಡದಲ್ಲಿ ಅರಬಿ, ಫಾರಸಿ ಪದಗಳು ತುಂಬಾ ಇವೆ. ಜಮಾ, ಖರ್ಚು, ಬಾಕಿ, ನಗದು, ವಸೂಲಿ, ರಸೀದಿ, ಅಸಲು, ಜಾಮೀನು. ಉರ್ದು ಮನೆಯಿಂದ ಬಂದವರಿಗೆ ಕಾಮರ್ಸ್‌ನ ಕನ್ನಡ ಈ ಕಾರಣಕ್ಕೆ ಅರ್ಧ ಪರಿಚಿತವೇ. ನಾವು ಉಧಾರ್ ಎನ್ನುವುದನ್ನು ನಮ್ಮ ಕಡೆಯ ಕನ್ನಡದಲ್ಲಿ ಉದ್ರಿ ಎನ್ನುತ್ತಾರೆ. ಇವೆರಡೂ ಅಣ್ಣ ತಮ್ಮಂದಿರು.

ಕ್ರೆಡಿಟ್ ಪದಕ್ಕೆ ಕನ್ನಡದಲ್ಲಿ ಇನ್ನೂ ಒಳ್ಳೆಯ ಪದ ಒಂದಿದೆ: ಪತ್ತು. ‘ಪತ್ತಿನ ಸಹಕಾರ ಸಂಘ’ ಎಂಬ ಬೋರ್ಡ್ ಎಲ್ಲರೂ ನೋಡಿದ್ದೇವೆ. ಮರಾಠಿಯಲ್ಲೂ ಪತ್ ಎಂದರೆ ಒಬ್ಬನ ಮೇಲೆ ಪೇಟೆಗೆ ಇರುವ ಭರವಸೆ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ರಾಜ್ಯದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಹಿಂದಿನ ವರ್ಷವಷ್ಟೇ, 1904ರಲ್ಲಿ, ಅದಕ್ಕೆ ಬೇಕಾದ ಕಾನೂನು ಬಂದಿತ್ತು. ಒಬ್ಬೊಬ್ಬ ರೈತನನ್ನು ದೊಡ್ಡ ಸಾಹುಕಾರ ನಂಬದಿದ್ದರೂ, ಊರವರು ಒಬ್ಬರನ್ನೊಬ್ಬರು ನಂಬಿ ಹಣ ಕೂಡಿಸಿ ಸಾಲ ಕೊಟ್ಟುಕೊಳ್ಳಬಹುದು ಎಂಬುದು ಇಂಥ ಸಂಘಗಳ ತತ್ವ.

ನಂಬಿಕೆ ಇದ್ದರೂ ಬರೆಯಬೇಕು

ನಮ್ಮ ದಾದಾ ಅವರದು ಸಣ್ಣ ಕಿರಾಣಿ ಅಂಗಡಿ. ಈಗ ಅಬ್ಬಾ ನೋಡಿಕೊಳ್ಳುತ್ತಾರೆ. ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ಉದ್ರಿ ಬರೆಯುವ ರೂಢಿ ಇಂದಿಗೂ ಇದೆ. ನಮ್ಮ ಅಂಗಡಿಗೆ ಮಾಲು ಕೊಡುವ ಹೋಲ್‌ಸೇಲ್ ವ್ಯಾಪಾರಿಯೂ 15 ದಿನದ ಉದ್ರಿ ಮೇಲೆಯೇ ಕೊಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಗಿರಾಕಿಗಳಿಂದ ಹಣ ಬರಲಿಲ್ಲ, ನಮಗೂ ಅವರಿಗೆ ಕೊಡಲಾಗಲಿಲ್ಲ. ಅವರು ಹದಿನೈದು ದಿನವನ್ನು ಮೂರು ತಿಂಗಳು ಮಾಡಿದರು, ಅಕ್ಕಿ ಎಣ್ಣೆ ಕಳಿಸುವುದನ್ನು ನಿಲ್ಲಿಸಲಿಲ್ಲ. ಅವರ ಭಾಷೆ, ಧರ್ಮ ನಮ್ಮದಲ್ಲ. ಇಬ್ಬರ ನಡುವೆ ಇದ್ದದ್ದು ಇಪ್ಪತ್ತು ವರ್ಷದ ವ್ಯವಹಾರ. ಟ್ರೇಡ್ ಕ್ರೆಡಿಟ್‌ನ ವ್ಯಾಖ್ಯೆಯನ್ನು ಪುಸ್ತಕದಲ್ಲಿ ಓದಿದಾಗ ನನಗೆ ನೆನಪಾದದ್ದು ಅವರೇ.

ಆದರೆ ಆ ಮೂರು ತಿಂಗಳಲ್ಲಿಯೂ ಎರಡೂ ಕಡೆ ಪ್ರತಿ ಚೀಲದ ಲೆಕ್ಕ ಬರೆದಿಟ್ಟಿದ್ದರು. ನಂಬಿಕೆ ಇದೆ ಎಂದು ಬರೆಯುವುದನ್ನು ಬಿಡಲಿಲ್ಲ. ಕುರ್‌ಆನ್‌ನ ಅತಿ ಉದ್ದದ ಆಯತ್ ಸಾಲದ ವಿಷಯದ್ದು ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತಿದೆ: ಅಲ್ ಬಕರಃ ಅಧ್ಯಾಯದ 282ನೆಯದು. ಅವಧಿಯ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು ಎಂದು ಅದು ಹೇಳುತ್ತದೆ. ಅದರ ಮುಂದಿನ ಆಯತ್‌ನಲ್ಲಿ, ನಂಬಿ ಒಪ್ಪಿಸಿದ್ದನ್ನು ತಿರುಗಿ ಸಲ್ಲಿಸಬೇಕು ಎನ್ನುವ ಕಡೆ ಅಮಾನತ್ ಪದವೇ ಬರುತ್ತದೆ. ಬುಕ್ ಕೀಪಿಂಗ್ ಕಲಿಯುವವರು ಈ ಎರಡನ್ನೂ ಒಮ್ಮೆ ಅರ್ಥ ಸಹಿತ ಓದಿ ನೋಡಿ.

ಈಗಿನ ಕಾಲದಲ್ಲಿ ಈ ನಂಬಿಕೆಗೂ ಅಂಕ ಬಂದಿದೆ. ಸಿಬಿಲ್ ಎಂಬ ಹೆಸರಿನ ಮೊದಲ ‘ಸಿ’ ಕ್ರೆಡಿಟ್. ಅದರ ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ಸಾಲದ ಕಂತು ಸರಿಯಾಗಿ ಕಟ್ಟಿದರೆ ಏರುತ್ತದೆ, ತಪ್ಪಿಸಿದರೆ ಇಳಿಯುತ್ತದೆ. ಇನ್ನೊಂದು ವರ್ಷದಲ್ಲಿ ನಮಗೆಲ್ಲ 18 ತುಂಬುತ್ತದೆ. ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಜಾಹೀರಾತು ಈಗಲೇ ಬರುತ್ತಿದೆ. ಅಲ್ಲಿ ಕ್ರೆಡಿಟ್ ಎಂದು ಬರೆದ ಕಡೆ ‘ನನ್ನ ಮೇಲೆ ಹೊಣೆ’ ಎಂದು ಓದಿಕೊಳ್ಳಿ. ಬಡ್ಡಿ ಎಷ್ಟು, ನಮ್ಮ ಫೋನಿನ ಕಾಂಟ್ಯಾಕ್ಟ್ಸ್ ಏಕೆ ಕೇಳುತ್ತಿದ್ದಾರೆ ಎಂದು ನೋಡಿ. ಕ್ರೆಡಿಬಲ್ ಯಾರು, ಕ್ರೆಡ್ಯುಲಸ್ ಯಾರು ಎಂಬುದು ಅಲ್ಲಿ ಗೊತ್ತಾಗುತ್ತದೆ.

ಹೇಗೆ ಕಲಿಯುವುದು?

ನಾನು ಅನುಸರಿಸುವ ರೀತಿ ಇಷ್ಟೇ. ಹೊಸ ಪದ ಬಂದಾಗ ನೋಟ್‌ಬುಕ್ಕಿನಲ್ಲಿ ಒಂದು ಸಾಲಲ್ಲ, ಒಂದು ಪುಟ ಬಿಡುತ್ತೇನೆ. ಮೇಲೆ ಮೂಲ ಪದ ಮತ್ತು ಅದರ ಅರ್ಥ. ಕೆಳಗೆ ಅದೇ ಅಕ್ಷರಗಳಿಂದ ಶುರುವಾಗುವ ಪದಗಳು, ಸಿಕ್ಕಿದ ಹಾಗೆಲ್ಲ ಸೇರಿಸುತ್ತಾ ಹೋಗುತ್ತೇನೆ. ಪ್ರತಿ ಪದಕ್ಕೆ ಕನ್ನಡದಲ್ಲೋ ಉರ್ದುವಿನಲ್ಲೋ ಮನೆಯಲ್ಲಿ ಆಡುವ ಪದ. ಪುಟದ ಕೊನೆಯಲ್ಲಿ ಅಕ್ಷರ ಒಂದೇ ಇದ್ದರೂ ಬೇರೆ ಮನೆಯ ಪದಗಳು. ಮೂಲ ನೋಡಲು ನಮ್ಮ ಲೈಬ್ರರಿಯ ದೊಡ್ಡ ಡಿಕ್ಷನರಿ ಸಾಕು. ಪ್ರತಿ ಪದದ ಕೊನೆಯಲ್ಲಿ ಚೌಕ ಕಂಸದೊಳಗೆ ಅದು ಎಲ್ಲಿಂದ ಬಂತೆಂದು ಕೊಟ್ಟಿರುತ್ತಾರೆ. ನಾವು ಸಾಮಾನ್ಯವಾಗಿ ಆ ಭಾಗವನ್ನು ಹಾರಿಸಿಬಿಡುತ್ತೇವೆ.

ಜೂನಿಯರ್‌ಗಳಲ್ಲಿ ಕಾಮರ್ಸ್ ಬಿಡುವ ಯೋಚನೆಯಲ್ಲಿ ಯಾರಾದರೂ ಇದ್ದರೆ ಟಿಸಿ ಕೇಳುವ ಮೊದಲು ಹತ್ತು ಪದಗಳಿಗೆ ಹೀಗೆ ಹತ್ತು ಪುಟ ಮಾಡಿ ನೋಡಿ. ಬೇಕಿದ್ದರೆ ನನ್ನ ನೋಟ್‌ಬುಕ್ ಕೊಡುತ್ತೇನೆ, ಲೈಬ್ರರಿಯಲ್ಲಿ ಕೇಳಿ.

ಶುರು ಮಾಡಲು ಒಂದು ಪುಟ ಇಲ್ಲಿಯೇ ಕೊಡುತ್ತೇನೆ. ಎ, ಯು, ಡಿ, ಐ ಎಂದು ಶುರುವಾಗುವ ಪದಗಳು: ಆಡಿಯೋ, ಆಡಿಯನ್ಸ್, ಆಡಿಟೋರಿಯಂ, ಆಡಿಟ್, ಆಡಿಟರ್. ಲ್ಯಾಟಿನ್ ಮೂಲದ ಅರ್ಥ ‘ಕೇಳು’. ಮೊದಲ ಮೂರಕ್ಕೆ ಕಿವಿಯ ಸಂಬಂಧ ಸುಲಭವಾಗಿ ಕಾಣುತ್ತದೆ. ಲೆಕ್ಕ ಪರಿಶೋಧಕನಿಗೂ ಕಿವಿಗೂ ಏನು ಸಂಬಂಧ? ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಆಡಿಟರ್ ಕುಳಿತು ಕೇಳುತ್ತಿದ್ದ. ಈ ಮನೆತನದ ಉಳಿದ ಪದಗಳನ್ನು ಹುಡುಕಿ ಬರೆದು ಮುಂದಿನ ಸಂಚಿಕೆಗೆ ಕೊಡಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ